ಸರಾಸರಿ ಐವತ್ತೊಂದು

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ 10:40

ಮತ್ತೆ ಟೋಕನ್ ನಿಧಾನ. ಮೂರನೇ ದಿನ. ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಮುನ್ನೂರು ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ನಿಂತಿವೆ. ಡ್ರೈವರ್ ಮೊಬೈಲಿನಲ್ಲಿ ಆಪ್ ತೆರೆದು ಟೋಕನ್ ತೆಗೆಯಬೇಕು. ಗೇಟಿನಲ್ಲಿ ದುಂಡಪ್ಪ ಕಾಕಾ ತಮ್ಮ ಕಂಪ್ಯೂಟರಿನಲ್ಲಿ ಪಾಸ್ ಮಾಡಬೇಕು. ಆಮೇಲೆ ತೂಕ. ಎರಡು ಸೆಕೆಂಡಿನ ಕೆಲಸಕ್ಕೆ ಈಗ ನಾಲ್ಕು ನಿಮಿಷ.

ಬೆಳಿಗ್ಗೆ ಮೂಡಲಗಿ ಕಡೆಯವನೊಬ್ಬ ಹುಕ್ಕೇರಿ ಕಡೆಯವನ ಪಾಳಿ ದಾಟಿ ಟ್ರ್ಯಾಕ್ಟರ್ ನುಗ್ಗಿಸಿದ. ಹುಕ್ಕೇರಿಯವನು ಅವನನ್ನು ಸೀಟಿನಿಂದ ಎಳೆದು ಜ್ಯಾಕ್ ರಾಡಿನಿಂದ ಬಾರಿಸಿದ. ಎರಡು ಹಲ್ಲು ಹೋದವು. ಸೆಕ್ಯುರಿಟಿಯವನು ಹುಡುಕಿ, ಪೇಪರಿನಲ್ಲಿ ಸುತ್ತಿ ಕೊಟ್ಟನಂತೆ.

"ಆಮ್ರಪಾಲಿ, ನಿನ್ನ ಸರ್ವರ್ ಏನ್ ಮಾಡಾಕತ್ತೈತಿ?" ಯಾರ್ಡ್ ಮ್ಯಾನೇಜರ್ ಭೀಮರಾಯ ಸಾಹೇಬರ ಫೋನು. ಸರ್ವರ್ ನನ್ನದಂತೆ. ಚೆನ್ನಾಗಿ ನಡೆದಾಗ ಮಾತ್ರ ಕಾರ್ಖಾನೆಯದು.

ಅದೇ ದಿನ, ಮಧ್ಯಾಹ್ನ 2:15

ನೋಡಿದೆ, ಎಲ್ಲ ನೋಡಿದೆ. ಎರಡು ಸರ್ವರ್. ಮುಂದೆ ಲೋಡ್ ಬ್ಯಾಲೆನ್ಸರ್ — ಬಂದವರನ್ನು ಎರಡಕ್ಕೂ ಹಂಚುವುದು ಅದರ ಕೆಲಸ. ಬರುವುದೆಲ್ಲ ಎನ್‌ಕ್ರಿಪ್ಟ್ ಆಗಿ, ಅಂಟಿಸಿದ ಲಕೋಟೆಯ ಹಾಗೆ ಬರುತ್ತದೆ. ಬ್ಯಾಲೆನ್ಸರ್ ಒಡೆಯದೆ ದಾಟಿಸಲಿ, ಸರ್ವರಿನಲ್ಲೇ ತೆರೆಯಲಿ ಎಂದು ಸೆಟ್ ಮಾಡಿದವಳು ನಾನೇ. ಸೇಫ್ಟಿಗೆ.

ಎರಡೂ ಸೇರಿ ಲೋಡ್ ಸರಾಸರಿ ನೂರಕ್ಕೆ 51. ಅರ್ಧ ಶಕ್ತಿ ಖಾಲಿ ಬಿದ್ದಿದೆ. ನನ್ನ ಮೊಬೈಲ್, ನನ್ನ ಸಿಮ್ಮಿನ ಡಾಟಾ — ಆಪ್ ತೆರೆದರೆ ಪಟ್ಟನೆ ಬಂತು. ಹತ್ತು ಸಲ ನೋಡಿದೆ, ಹತ್ತೂ ಸಲ ಪಟ್ಟನೆ.

ಹಾಗಾದರೆ ತಡ ಎಲ್ಲಿ? ಗೇಟಿನಲ್ಲಿ.

ಸಾಹೇಬರಿಗೆ ವಾಟ್ಸಾಪ್ ಮಾಡಿದೆ: "ಸರ್ವರ್ ಸರಿ ಇದೆ. ಲೋಡ್ 51%. ತಡ ಆಗುತ್ತಿರುವುದು ಗೇಟಿನಲ್ಲಿ." ಕಳಿಸಿ ಬುತ್ತಿ ಬಿಚ್ಚಿದೆ. ಗೆದ್ದವಳ ಹಾಗೆ ಉಂಡೆ.

ಡಿಸೆಂಬರ್ 10, ಮಂಗಳವಾರ. ಸಂಜೆ 4:30

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಸಾಹೇಬರು ನನ್ನ ಮೆಸೇಜನ್ನು ಹಾಗೇ ಡ್ರೈವರ್‌ಗಳ ಗ್ರೂಪಿಗೆ ಹಾಕಿಬಿಟ್ಟರು. ನನ್ನ ಹೆಸರಿನ ಸಮೇತ.

ದುಂಡಪ್ಪ ಕಾಕಾ ಟ್ರಾಲಿಗಳ ಮೇಲೆ ಸೀಮೆಸುಣ್ಣದ ಗೀಟು ಹಾಕುತ್ತಾರೆ. ಅವರ ಹಳೆಯ ರೂಢಿ. ಯಾರ ಟೋಕನ್ ಸಿಕ್ಕಿಬಿದ್ದಿದೆಯೋ ಅವರ ಪಾಳಿ ತಪ್ಪಬಾರದು ಎಂದು ಗೀಟು. ಗ್ರೂಪಿನಲ್ಲಿ ಯಾರೋ ಬರೆದ — ಗೀಟು ಅಂದರೆ ಲಂಚ ಕೊಟ್ಟವರ ಗುರುತು. ತಡ ಗೇಟಿನಲ್ಲೇ ಎಂದು ಕಂಪ್ಯೂಟರ್ ಮೇಡಮ್ಮೇ ಹೇಳಿದ್ದಾಳಲ್ಲ.

ಹನ್ನೊಂದಕ್ಕೆ ಕಾಕಾನ ಕ್ಯಾಬಿನ್ನಿನ ಗಾಜು ಹೋಯಿತು. ಮಹಡಿಯ ಕಿಟಕಿಯಿಂದ ನೋಡಿದೆ. ಕಾಕಾನನ್ನು ಕುರ್ಚಿ ಸಮೇತ ಹೊರಗೆಳೆದರು. ಟ್ರಾಲಿಯಿಂದ ಕಬ್ಬು ಹಿರಿದರು. ಮುರಿಯುವ ತನಕ ಹೊಡೆಯುವುದು, ಮುರಿದರೆ ಇನ್ನೊಂದು ಹಿರಿಯುವುದು. ಕಬ್ಬಿಗೇನು ಬರವೇ ಅಲ್ಲಿ? ಕಾಕಾ ಮೊದಲು ಏನೋ ಹೇಳುತ್ತಿದ್ದರು. ಆಮೇಲೆ ಕೈ ಮಾತ್ರ ಆಡುತ್ತಿತ್ತು. ಹಣೆಯ ವಿಭೂತಿ ರಕ್ತದಲ್ಲಿ ಕಲಸಿ ಕಣ್ಣಿಗಿಳಿಯಿತು. ಒಬ್ಬ ಅವರ ಬಲಗೈ ಮೇಲೆ ಬೂಟಿಟ್ಟು, ಪೂರ್ತಿ ಭಾರ ಬಿಟ್ಟು ನಿಂತ. ಸೀಮೆಸುಣ್ಣ ಹಿಡಿಯುವ ಕೈ.

ಕಬ್ಬು ಎತ್ತಿದ ಡ್ರೈವರ್‌ಗಳಲ್ಲಿ ಒಂದು ಕೆಂಪು ಟೀಶರ್ಟ್. ಲಖನ. ನನ್ನ ತಮ್ಮ.

ರಾತ್ರಿ 7:30, ಮಮದಾಪುರ

ಮನೆಗೆ ಬಂದಾಗ ಲಖನ ಬಚ್ಚಲಲ್ಲಿ ಕೈ ತಿಕ್ಕುತ್ತಿದ್ದ. ಹೋದವಳೇ ಕಪಾಳಕ್ಕೆ ಬಿಟ್ಟೆ. ಇನ್ನೊಂದು ಬಿಟ್ಟೆ. ತುಟಿ ಒಡೆಯಿತು.

"ಯಾಕ ಹೊಡದಿ ಅವರನ್ನ?"

"ನಿನ್ನ ಮೆಸೇಜ್ ಓದೇ ಹೊಡದೇನಿ ಅಕ್ಕಾ. ನಿಮ್ಮಕ್ಕನ ಹೇಳ್ಯಾಳ, ನೀ ಯಾಕ ಹಿಂದ ನಿಂತಿ ಅಂದ್ರು ಎಲ್ಲಾರೂ."

ಮೂರನೆಯದಕ್ಕೆ ಎತ್ತಿದ ಕೈ ಬೀಳಲಿಲ್ಲ. ಅವನೇ ಮಾತು ಮುಂದುವರಿಸಿದ.

"ಖರೆ ಹೇಳ್ತೇನಿ, ನಂದು ಟೋಕನ್ ಲಗೂನ ಬಂತು. ಯಾರ್ಡಿನ ವೈಫೈ ಬಂದ್ ಮಾಡಿ ನನ್ನ ಡಾಟಾದಾಗ ತಗದಿದ್ದೆ. ಕಾಕಾನ ಕಂಪ್ಯೂಟರ್‌ದಾಗ ಅಷ್ಟ ನಿಂತಿತ್ತು."

ವೈಫೈ ಎಂದದ್ದು ಕೇಳಿ ಬಚ್ಚಲ ಕಟ್ಟೆ ಮೇಲೆ ಕೂತೆ.

ಡಿಸೆಂಬರ್ 11, ಬುಧವಾರ. ಬೆಳಿಗ್ಗೆ 7:50

ಮೊದಲ ಬಸ್ಸಿಗೇ ಬಂದೆ. ಸರಾಸರಿ ಬಿಟ್ಟು ಒಂದೊಂದೇ ಸರ್ವರ್ ತೆರೆದು ನೋಡಿದೆ. ಮೊದಲನೆಯದು 99. ಎರಡನೆಯದು 3. ಕೂಡಿಸಿ ಭಾಗಿಸಿದರೆ 51.

ಡಾಟಾ ಮುಗಿಯುತ್ತದೆ ಎಂದು ಡ್ರೈವರ್‌ಗಳು ಗೋಳಾಡುತ್ತಾರೆಂದು ನವೆಂಬರಿನಲ್ಲಿ ಯಾರ್ಡಿಗೆ ಪುಕ್ಕಟೆ ವೈಫೈ ಹಾಕಿಸಿದವಳು ನಾನೇ. ಆ ವೈಫೈಯಿಂದ ಹೊರಡುವ ಎಲ್ಲ ಮೊಬೈಲುಗಳದೂ ಹೊರಗೆ ಒಂದೇ ವಿಳಾಸ. ಬ್ಯಾಲೆನ್ಸರ್ ಲಕೋಟೆ ಒಡೆಯುವುದಿಲ್ಲ. ಮೇಲಿರುವ ಕಳಿಸಿದವರ ವಿಳಾಸ ನೋಡಿ, ಒಂದು ವಿಳಾಸದ್ದನ್ನೆಲ್ಲ ಒಂದೇ ಸರ್ವರಿಗೆ ಹಾಕುತ್ತದೆ. ಮದುವೆ ಊಟದಲ್ಲಿ, ಒಂದೇ ಜೀಪಿನಲ್ಲಿ ಬಂದವರೆಂದು ಊರಿಗೆ ಊರನ್ನೇ ಒಂದೇ ಪಂಕ್ತಿಯಲ್ಲಿ ಕೂರಿಸಿ, ಪಕ್ಕದ ಪಂಕ್ತಿ ಖಾಲಿ ಬಿಟ್ಟ ಹಾಗೆ. ಕಾಕಾನ ಕಂಪ್ಯೂಟರೂ ಅದೇ ಲೈನಿನಲ್ಲಿತ್ತು. ನಾನು ನೋಡಿದ್ದು ನನ್ನ ಡಾಟಾದಲ್ಲಿ. ಖಾಲಿ ಸರ್ವರಿಗೆ ಹೋಗಿ, ಪಟ್ಟನೆ ಬಂತು ಎಂದು ಹಿಗ್ಗಿದೆ. ಕತ್ತೆ ನಾನು.

ಲಕೋಟೆ ಬ್ಯಾಲೆನ್ಸರಿನಲ್ಲೇ ಒಡೆದು, ಸರದಿಯಂತೆ ಹಂಚುವ ಹಾಗೆ ಬದಲಿಸಿದೆ. ಹನ್ನೆರಡು ನಿಮಿಷ ಹಿಡಿಯಿತು. ಟೋಕನ್ ಎರಡೇ ಸೆಕೆಂಡ್. ಒಂದು ಸರ್ವರ್ 50, ಇನ್ನೊಂದು 52. ಸರಾಸರಿ ಈಗಲೂ 51.

9:30

ಗ್ರೂಪಿನಲ್ಲಿ ಬಂದದ್ದು: "ದುಂಡಪ್ಪ ದವಾಖಾನಿಗೆ ಹೋದ, ಗೇಟ್ ಸುದ್ದ ಆತು, ಟೋಕನ್ ಲಗೂನ ಬರಾಕತ್ತಾವು. ಈಗರೆ ತಿಳೀತಲ್ಲ." ಕೆಳಗೆ ಎಂಬತ್ತು ಹೆಬ್ಬೆರಳು.

ನಾನು ಸರಿಪಡಿಸಿದ್ದೇ ಕಾಕಾನ ವಿರುದ್ಧ ಸಾಕ್ಷಿಯಾಯಿತು.

ಡಿಸೆಂಬರ್ 13, ಶುಕ್ರವಾರ. ಮಧ್ಯಾಹ್ನ 1:00

ಗೋಕಾಕದ ಆಸ್ಪತ್ರೆಗೆ ಹೋಗಿದ್ದೆ. ಕಾಕಾನ ಎಡಗಣ್ಣು ಹೋಗಿದೆ. ಬಲಗೈ ಮೂರು ಕಡೆ ಮುರಿದಿದೆ. ಹಾಸಿಗೆ ಪಕ್ಕ ಅವರ ಹೆಂಡತಿ ಉದ್ದವ್ವ ಕಾಕು.

"ಕಣ್ಣು ಹೋದ್ರ ಹೋಗ್ಲಿ ತಂಗಿ. ಹುಕ್ಕೇರಿ ಸಂತ್ಯಾಗ ಲಂಚಾ ತಿಂದಾಂವನ ಹೇಣ್ತಿ ಅಂತ ಕರದ್ರು ನನ್ನ. ಇವ್ರಿಗಿ ಅದ ಮನಸಿಗಿ ಹತ್ತೈತಿ. ಮನಿಗಿ ಬರೂದುಲ್ಲ ಅಂತಾರ."

ಕಾಕಾ ಉಳಿದ ಕಣ್ಣು ತೆರೆದರು. "ಸರ್ವರ್ ಹೆಂಗೈತಿ?"

"ಸರಿ ಆತ್ರಿ ಕಾಕಾ."

"ಛಲೋ ಆತು. ಪಾಪ, ಅವರ ಕಬ್ಬೂ ಒಣಗಾಕತ್ತಿತ್ತು."

ತಪ್ಪು ನನ್ನದೆಂದು ಹೇಳದೆಯೇ ಎದ್ದೆ. ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡೆ. ಆಯಾ ಬೈದಳು.

ಡಿಸೆಂಬರ್ 14, ಶನಿವಾರ. ಸಂಜೆ 5:00

ಭೀಮರಾಯ ಸಾಹೇಬರಿಗೆ ಎಲ್ಲ ಹೇಳಿದೆ. ಎದ್ದು ಹೋಗಿ ಬಾಗಿಲು ಹಾಕಿದರು.

"ಬಾಯಿ ಮುಚ್ಚಿಕೊಂಡಿರು. ಸುಮ್ಮನ ಒಬ್ಬಾಂವನ ಕಣ್ಣ ತಗಸಿದಿ ಅಂತ ಗೊತ್ತಾದ್ರ ನಿನ್ನ ಜೀವಂತ ಬಿಡ್ತಾರೇನು? ನಿಮ್ಮ ತಮ್ಮನ ಹೆಸರು ಇನ್ನೂ ಪೊಲೀಸ್ ಕೇಸಿನ್ಯಾಗ ಇಲ್ಲ. ಬರಬೇಕೇನು?"

ಟೇಬಲ್ಲಿನ ಪೇಪರ್‌ವೇಟ್ ಕೈಗೆ ಬಂದಿತ್ತು. ಯಾವಾಗ ಎತ್ತಿಕೊಂಡೆನೋ. ಇಟ್ಟು ಬಂದೆ.

ಡಿಸೆಂಬರ್ 16, ಸೋಮವಾರ. ಬೆಳಿಗ್ಗೆ 10:50

ಗೇಟಿಗೆ ನೋಟಿಸ್ ಅಂಟಿಸಿದ್ದಾರೆ. ದುಂಡಪ್ಪ, ಟೋಕನ್ ಗುಮಾಸ್ತ, ಕೆಲಸದಿಂದ ವಜಾ. ಕಾರಣ: ಉದ್ದೇಶಪೂರ್ವಕ ವಿಳಂಬ.

ಸಾಕು.

11:02

ಗ್ರೂಪಿಗೆ ಹಾಕಿದೆ: "ದುಂಡಪ್ಪ ಕಾಕಾನ ತಪ್ಪು ಏನೂ ಇಲ್ಲ. ಲಂಚ ಇಲ್ಲ. ಗೀಟು ನಿಮ್ಮ ಪಾಳಿ ಉಳಿಸಲು ಹಾಕಿದ್ದು. ತಡ ಆಗಿದ್ದು ಸರ್ವರಿನಲ್ಲಿ. ಸೆಟ್ ಮಾಡಿದವಳು ನಾನು. ತಪ್ಪು ಬರೆದವಳೂ ನಾನು. — ಆಮ್ರಪಾಲಿ." ಎರಡು ಸರ್ವರಿನ ಫೋಟೋನೂ ಹಾಕಿದೆ. 99, 3.

ಗ್ರೂಪಿನಲ್ಲಿಲ್ಲದ ಉದ್ದವ್ವ ಕಾಕುಗೆ ಅದನ್ನೇ ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಿದೆ. ಹುಕ್ಕೇರಿ ಸಂತೆಯಲ್ಲಿ ಎಲ್ಲರಿಗೂ ಕೇಳಿಸಲಿ.

11:09

ಒಬ್ಬ ಬರೆದ: "ಅಂದ್ರ ನಮ್ಮ ಕೈಲೆ ಹೊಡಸಿದಾಕಿ ನೀನ."

ಯಾರ್ಡಿನಲ್ಲಿ ಇಂಜಿನ್‌ಗಳು ಒಂದೊಂದಾಗಿ ಬಂದ್ ಆಗುತ್ತಿವೆ. ಕಿಟಕಿಯಿಂದ ಕಾಣುತ್ತಿದೆ. ಟ್ರಾಲಿಯಿಂದ ಕಬ್ಬು ಹಿರಿಯುತ್ತಿದ್ದಾರೆ.

ಸಾಹೇಬರ ಫೋನು ಬಿಜಿ. ಸೆಕ್ಯುರಿಟಿಯವನು ಎತ್ತುತ್ತಿಲ್ಲ.

11:13

ಅಂಜಿಕೆ ಆಗುತ್ತಿದೆ. ಗ್ರೂಪಿನಲ್ಲಿ ಬರೆದದ್ದನ್ನು ಅಳಿಸುವುದಿಲ್ಲ.

ಕೆಳಗೆ ಗಾಜು ಒಡೆಯಿತು. ಮೆಟ್ಟಿಲ ಮೇಲೆ ಕಾಲು ಸಪ್ಪಳ. ಬಾಗಿಲ ಗಾಜಿನಲ್ಲಿ ಎಲ್ಲರಿಗಿಂತ ಮುಂದೆ ಕೆಂಪು ಟೀಶರ್ಟ್. ಕೈಯಲ್ಲಿ ಕಬ್ಬು ಇದೆ. ಅವರನ್ನು ತಡೆಯಲು ಓಡಿ ಬರುತ್ತಿದ್ದಾನೋ, ಇಲ್ಲ ನನ್ನನ್ನೇ —