ನಿಮ್ಮ ಅಕ್ಷರ ತಿದ್ದಿದವಳು

ಕಾಕಾ,

ನಮಸ್ಕಾರ ಬರೆದಿಲ್ಲ. ಬರೆದರೆ ನೀವು ಅಳಿಸಿಬಿಡುತ್ತೀರಿ ಎಂದು ಕೈ ಇನ್ನೂ ಹೆದರುತ್ತದೆ. ನಾನು ಔರಾದಿನ ಸ್ನೇಹಾ, ನಿಮ್ಮ 'ಬೋರ್ಡು-ಬ್ರಷ್ಷು' ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮೆಸೇಜ್ ಹಾಕುತ್ತಿದ್ದವಳು. ನೀವು ಹೋಗಿ ನಾಲ್ಕು ತಿಂಗಳಾಯಿತು. ಗುಂಪಿಗೆ ಈಗಲೂ ನೀವೇ ಅಡ್ಮಿನ್.

ಸೇರಿದ ಮೊದಲ ದಿನ ಬೀದರಿನ ಗಾಂಧಿ ಗಂಜಿನ ಒಂದು ಬೇಳೆ ಅಂಗಡಿಯ ಹಳೇ ಬೋರ್ಡಿನ ಫೋಟೋ ಹಾಕಿದ್ದೆ. ಕೈಯಲ್ಲಿ ಬರೆದದ್ದು, ಮೇಲೆ ಕನ್ನಡ, ಕೆಳಗೆ ಉರ್ದು, ಮರಾಠಿ. ಬರೀ ತಲಕಟ್ಟು ನೋಡಿ ನೀವು, ಇವನು ಎಡಗೈಯವನು, ಏಣಿಯ ಮೇಲೆ ನಿಂತು ಬರೆದಿದ್ದಾನೆ, ಕೊನೆಯ ಅಕ್ಷರಕ್ಕೆ ಏಣಿ ಸರಿಸಲು ಬೇಜಾರಾಗಿದೆ ಎಂದು ಹದಿನೇಳು ಮೆಸೇಜ್ ಬರೆದಿರಿ. ಅವತ್ತೇ ನಾನು ನಿಮ್ಮ ಫ್ಯಾನ್. ಆಮೇಲೆ ಗುಂಪಿನ ನಿಯಮ ಓದಿದೆ. ಗುಡ್ ಮಾರ್ನಿಂಗ್ ಇಲ್ಲ, ಹೂವಿನ ಚಿತ್ರ ಇಲ್ಲ, 'ಊಟ ಆತೇನ್ರಿ' ಇಲ್ಲ. ಉತ್ತರ ಬೇಡದ ಪ್ರಶ್ನೆ ಯಾಕೆ ಕೇಳಬೇಕು ಎಂದಿದ್ದಿರಿ. ನನಗೆಷ್ಟು ಹಗುರವಾಯಿತು ಗೊತ್ತೇ? ಊಟ ಆಯಿತಾ ಅಂದವರಿಗೆಲ್ಲ ಏನೇನು ತಿಂದೆ ಅಂತ ಪೂರ್ತಿ ಹೇಳಿ ನಗೆಪಾಟಲಾದವಳು ನಾನು.

ಭಾಲ್ಕಿಯ ನಿಮ್ಮ ಮನೆಗೆ ಬಂದ ದಿನ, ನನಗೆ ಆಟಿಸಂ ಇದೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ತೋರಿಸಿದೆ. ಹಿಡಿದ ಕೆಲಸದಲ್ಲಿ ಇವಳು ಪೂರ್ತಿ ಮುಳುಗಿಬಿಡುತ್ತಾಳೆ, ಅದಕ್ಕೆ ಹೈಪರ್‌ಫೋಕಸ್ ಅನ್ನುತ್ತಾರೆ ಎಂದು ಅದರಲ್ಲಿತ್ತು. ನೀವು ಎರಡು ಸಲ ಓದಿದಿರಿ.

"ನನಗ ಯಾರೂ ಕಾಗದ ಬರದು ಕೊಟ್ಟಿಲ್ಲವ್ವಾ. ಆದ್ರ ನಂದೂ ನಿಂದೂ ಒಂದೇ ಗುಂಗ."

ಒಳಗಿನಿಂದ ನಿಮ್ಮ ಮನೆಯವರು, ನಮ್ಮ ಕಾಕು, ಇಬ್ಬರ ಕೊರಳಿಗೂ 'ಅಂಗಡಿ ಬಂದ್ ಅದ' ಅಂತ ಒಂದೊಂದು ಬೋರ್ಡ್ ಬರೆಸಿ ಹಾಕುತ್ತೇನೆ ಅಂದರು. ನೀವು ನಗಲಿಲ್ಲ. ಯಾವ ಬಣ್ಣದಲ್ಲಿ ಎಂದು ಕೇಳಿದಿರಿ. ಆ ಗುಂಗಿನಲ್ಲಿ ಹಸಿವಿಲ್ಲ, ಕಾಲು ಜೋಮು ಹಿಡಿದದ್ದು ತಿಳಿಯುವುದಿಲ್ಲ; ಹೆಸರು ಹಿಡಿದು ಕೂಗಿದರೆ ಯಾರೋ ಪಕ್ಕದ ಊರಲ್ಲಿ ಇನ್ಯಾರನ್ನೋ ಕರೆದಂತೆ. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ನಿಮಗೂ ಅಲ್ಲವೇ?

ಆ ಭಾನುವಾರ ಕಾಕು ಸಾಯಗಾಂವದ ತವರಿಗೆ ಹೋಗಿದ್ದರು. ಬೆಳಿಗ್ಗೆ ನೀವು ಬರೆದಿರಿ, "ಇನ್ಸುಲಿನ್ ಚುಚ್ಚಿಕೊಂಡೇನಿ. ಉಪ್ಪಿಟ್ಟು ಆರ್ಲಿ, ಅಲ್ಲೀತನಕ ಎರಡು ಫೋಟೋ ನೋಡೂಣು." ನಾನು ಓದಿದೆ ಕಾಕಾ. ಓದಿ, ಎರಡಲ್ಲ, ನಲವತ್ತು ಫೋಟೋ ಹಾಕಿದೆ. ಯಾವ ಬೋರ್ಡು ಯಾರ ಕೈಯದು ಎಂದು ಇಬ್ಬರೂ ಪಟ್ಟಿ ಹಿಡಿದು ಕೂತೆವು. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಅಕ್ಷರ ಜಾರತೊಡಗಿತು. 'ಬಳೆ'ಗೆ 'ಬಲೆ' ಬಂತು. ಒತ್ತಕ್ಷರ ಬಿಟ್ಟುಹೋಯಿತು. ಇಡೀ ಜನ್ಮ ಸಾಲಿಯಲ್ಲಿ ಡ್ರಾಯಿಂಗ್ ಕಲಿಸಿ, ಒಂದು ಸೊನ್ನೆ ಓರೆಯಾದರೂ ಸಹಿಸದ ಮನುಷ್ಯ ನೀವು. ನಾನೇನು ಮಾಡಿದೆ? ನಕ್ಷತ್ರದ ಗುರುತು ಹಾಕಿ ತಿದ್ದಿದೆ. ನಾಲ್ಕು ಸಲ. ಆಮೇಲೆ ನಿಮ್ಮಿಂದ ಏನೂ ಬರಲಿಲ್ಲ. ತಿದ್ದಿದ್ದಕ್ಕೆ ಸಿಟ್ಟು ಬಂತೇನೋ ಅಂದುಕೊಂಡು ಸಂಜೆಯವರೆಗೆ ಪಟ್ಟಿ ಚೆಂದ ಮಾಡುತ್ತಾ...

ಉಪ್ಪಿಟ್ಟು ಮುಚ್ಚಿಟ್ಟದ್ದು ಹಾಗೆಯೇ ಇತ್ತಂತೆ. ಇನ್ಸುಲಿನ್ ಆದ ಮೇಲೆ ಏನೂ ತಿನ್ನದೆ ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು ಅಂದರು ಡಾಕ್ಟರು.

ಹದಿಮೂರನೇ ದಿನ ಬಂದಾಗ ಕಾಕುವಿನ ಕೈಯಲ್ಲಿ ನಿಮ್ಮ ಫೋನಿತ್ತು. "ಎಲ್ಲಾ ಓದೀನಿ," ಅಂದರು. "ನೀ ತಿದ್ದಿದ್ದೂ ಓದೀನಿ." ನನಗೆ ಬಾಗಿಲ ಕಡೆ ತಿರುಗಲೂ ಆಗಲಿಲ್ಲ. ಫೋನು ಕೆಳಗಿಟ್ಟು ಅವರೇ ಹೇಳಿದರು.

"ಊಟ ಆತೇನು ಅಂತ ನೀ ಕೇಳಿದ್ರೂ ಅವರು ಆತು ಅಂತಿದ್ರವ್ವಾ. ಕರದ್ರ ಅವರಿಗೆ ಕೇಳಸ್ತಿದ್ದಿಲ್ಲ. ತೋಳ ಹಿಡದು ಎಬ್ಬಸಬೇಕಿತ್ತು. ಇಪ್ಪತ್ತಾರು ವರ್ಷ ನಾ ಹಂಗೇ ಎಬ್ಬಿಸೀನಿ."

ಅದು ಸಮಾಧಾನವೋ, ಬೈಗುಳವೋ? ಇವತ್ತಿಗೂ ನನಗೆ ತಿಳಿದಿಲ್ಲ.

ಮೊನ್ನೆ ಬುಧವಾರ ನನ್ನ ಸರದಿ ಬಂತು. ಈಗ ನಾನು ಬೀದರಿನಲ್ಲಿ ರೂಮು ಮಾಡಿಕೊಂಡಿದ್ದೇನೆ. ಜೊತೆಗೆ ಕಮಠಾಣದ ಗ್ರೇಸಿ, ನರ್ಸಿಂಗ್ ಓದುವವಳು. ಸ್ನಾನಕ್ಕೆ ಬಕೆಟ್ಟಿಗೆ ಕರೆಂಟಿನ ಕಾಯಿಲ್ ಹಚ್ಚಿ, ನೀರು ಕಾಯುವವರೆಗೆ ಎಂದು ನೀವು ಹಾಕಿದ್ದ ಹಳೇ ಬೋರ್ಡಿನ ಫೋಟೋ ತೆರೆದೆ. ನೀರೆಲ್ಲ ಆರಿ ಬಕೆಟ್ ಕರಗಿ ರೂಮಿನ ತುಂಬ ಹೊಗೆ. ಗ್ರೇಸಿ ಡ್ಯೂಟಿ ಮುಗಿಸಿ ಬಂದು ಸ್ವಿಚ್ ಆರಿಸಿದಾಗಲೂ ನಾನು ಒಂದು 'ಖ' ಅಕ್ಷರವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ.

"ಗಂಟಲು ಹರಿಯೂತನಕ ಒದರೀನಿ," ಅಂದಳು. ಕಿಟಕಿ ತೆರೆದಳು. "ಮುಟ್ಟಬ್ಯಾಡ ಅಂತ ನೀನೇ ಹೇಳೀದಿ. ನಾ ಏನ್ ಮಾಡ್ಲಿ?"

ಹೌದು, ಬಂದ ದಿನವೇ ಹೇಳಿದ್ದೆ. ಯಾರಾದರೂ ಮುಟ್ಟಿದರೆ ಮೈಮೇಲೆ ಬಿಸಿ ಎಣ್ಣೆ ಬಿದ್ದಂತಾಗುತ್ತದೆ ನನಗೆ. ಯಾಕೆ ಹಾಗೆ ಎಂದು ಮಾತ್ರ ಹೇಳಿರಲಿಲ್ಲ. ಆಟಿಸಂ ಅಂದರೆ ಅವಳು ಬೇರೆ ರೂಮು ನೋಡಿಕೊಂಡರೆ? ಹೇಳದೇ ಇದ್ದರೆ ಮುಂದಿನ ಸಲ ಅವಳು ಬರುವಷ್ಟರಲ್ಲಿ... ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಕಾಕಾ? ಗುಂಗನ್ನೇ ಬಿಡು ಅನ್ನುತ್ತಾಳೆ ಅವ್ವ. ಬಿಟ್ಟರೆ ಉಳಿಯುವವಳು ಯಾರು?

ಮೂರು ದಿನ ಬರೆದು ಬರೆದು ಅಳಿಸಿ, ಈಗ ಈ ಪತ್ರದ ನಡುವೆ ಎದ್ದು ಗ್ರೇಸಿಗೆ ಮೆಸೇಜ್ ಕಳಿಸಿದೆ. ನನಗೆ ಆಟಿಸಂ ಅದ. ನಾ ಗುಂಗಿನ್ಯಾಗ ಇದ್ರ ಕರೀಬ್ಯಾಡ, ತೋಳ ಹಿಡದು ಎಬ್ಬಸು. ನಾ ಚೀರತೇನಿ, ಹೊಡದರೂ ಹೊಡೀಬಹುದು. ಕೈ ಬಿಡಬ್ಯಾಡ.

ಎರಡು ನೀಲಿ ಗೆರೆ ಬಂದವು. ಓದಿದ್ದಾಳೆ. ಟೈಪಿಂಗ್ ಅಂತ ಬಂತು. ನಿಂತಿತು. ಈಗ ಮತ್ತೆ ಬರುತ್ತಿದೆ.