ನಿನ್ನೆ ಹತ್ತಿದ ಏರಿನಲ್ಲೇ ಕುರ್ಚಿ ಮಗುಚಿದ್ದೇಕೆ?

ಕೊಟ್ಟಿಗೆಹಾರ
೩ ಫೆಬ್ರವರಿ ೨೦೨೫

ಅಂಬುಜಾಳಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರಾಮ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡು ಮಾತಿಗೆಲ್ಲ ಜಗಳಕ್ಕೆ ನಿಲ್ಲುತ್ತೇವೆ. ಕಾಗದವಾದರೆ ಒಬ್ಬರು ಹೇಳಿ ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು. ನೀನು ಈ ಮನೆ ಬಿಟ್ಟು ಚಿಕ್ಕಮಗಳೂರಿಗೆ ಹೋಗಿ ಎರಡು ವರ್ಷವಾಗುತ್ತ ಬಂತು. ಇಷ್ಟು ದಿನ ಬರೆಯದವನು ಈಗ ಬರೆಯುತ್ತಿರುವುದು ಒಂದು ಪ್ರಶ್ನೆ ಕೇಳಲು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ನನಗೆ ಬ್ಯಾಟರಿಯ ಗಾಲಿಕುರ್ಚಿ ಬಂದ ಸುದ್ದಿಯನ್ನು, ನನ್ನ ಜೊತೆಗಿರಲು ಬಂದ ಕಾವೇರಕ್ಕ ನಿನಗೆ ಮುಟ್ಟಿಸಿರುತ್ತಾಳೆ. ರಿಪೇರಿಗೆ ಬಂದ ಪಂಪಿನ ಮೋಟಾರನ್ನು ಲಾರಿಯಿಂದ ಇಳಿಸುವಾಗ ಬಿದ್ದು ಕಾಲಿನ ಸ್ವಾಧೀನ ಹೋದ ಮೇಲೆ, ಇನ್ನೊಬ್ಬರ ಕೈಯಿಲ್ಲದೆ ನಾನು ವರ್ಕ್‌ಶಾಪಿನ ಹೊಸಿಲು ದಾಟಿರಲೇ ಇಲ್ಲ. ಈಗ ಬಲಗೈ ಹತ್ತಿರ ಒಂದು ಪುಟ್ಟ ಕಡ್ಡಿ ಇದೆ. ಮುಂದಕ್ಕೆ ಒತ್ತಿದರೆ ಕುರ್ಚಿ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ವರ್ಕ್‌ಶಾಪಿನಿಂದ ರಸ್ತೆಗೆ ಹತ್ತುವ ಏರಿಗೆ ಮಂಜಯ್ಯ ಮೇಸ್ತ್ರಿ ಸಿಮೆಂಟು ಹಾಕಿಕೊಟ್ಟ. ಬೆಳಿಗ್ಗೆ ಒಬ್ಬನೇ ಹತ್ತಿ, ಜಂಕ್ಷನ್ನಿನ ಹೋಟೆಲಿನಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳನ್ನು ಸ್ವಲ್ಪ ಹೊತ್ತು ನೋಡಿ ಬರುತ್ತಿದ್ದೆ. ಯಾರಿಗೂ ಹೇಳದೆ ಹೊರಗೆ ಹೋಗಿ ಬರುವುದು ಎಷ್ಟು ದೊಡ್ಡ ಸುಖವೆಂದು ನನಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಗೊತ್ತಾಯಿತು.

ಕಳೆದ ವಾರ ಅದೇ ಏರಿನ ನಡುವೆ ಕುರ್ಚಿ ಹಿಂದಕ್ಕೆ ಮಗುಚಿತು. ಕಣ್ಣೆದುರು ಇದ್ದ ರಸ್ತೆ ಮಾಯವಾಗಿ ಬರೀ ಆಕಾಶ. “ಏನ್ ಮಾರಾಯ್ರೆ, ಹಿಂಗ್ ಅಂಗಾತ ಮಲ್ಗಿದೀರಲ್ಲ!” ಎಂದು ಕೂಗುತ್ತ ಮಂಜಯ್ಯ ಓಡಿಬಂದು ಎತ್ತಿದ. ಒಂದೆರಡು ಗೀರು, ಅಷ್ಟೆ.

ನನಗೆ ಅರ್ಥವಾಗದಿರುವುದು ಇದು: ಅದೇ ಏರು, ಅದೇ ಕುರ್ಚಿ, ಅದೇ ಮನುಷ್ಯ. ಹಿಂದಿನ ದಿನ ಸಲೀಸಾಗಿ ಹತ್ತಿದ್ದು ಆವತ್ತು ಯಾಕೆ ಮಗುಚಿತು? ಸಿಮೆಂಟು ಒಣಗಿತ್ತು. ಬ್ಯಾಟರಿ ತುಂಬಿತ್ತು. ಕುರ್ಚಿಯ ಮೋಟಾರು ಬಿಚ್ಚಿ ನೋಡಿದೆ, ಏನೂ ಆಗಿಲ್ಲ. ಮೋಟಾರು ಸರಿಯಿದೆ ಎಂದಾದ ಮೇಲೆ ನನ್ನ ವಿದ್ಯೆ ಮುಗಿಯಿತು. ಕಾವೇರಕ್ಕ ಕುರ್ಚಿಯ ಮೇಲೆ ಹಳೇ ಬೆಡ್‌ಶೀಟು ಹೊದೆಸಿ ಮೂಲೆಗೆ ತಳ್ಳಿಸಿದ್ದಾಳೆ. ಯಾಕೆ ಬಿದ್ದೆ ಎಂದು ಹೇಳಲಾಗದಿದ್ದರೆ ಅದನ್ನು ಮತ್ತೆ ಮುಟ್ಟಬಾರದಂತೆ. ಮುಟ್ಟಿದರೆ ಅವಳು ಜಾವಳಿಯಲ್ಲಿರುವ ಮಗನ ಮನೆಗೆ ಹೊರಟುಬಿಡುತ್ತಾಳಂತೆ.

ನಿನಗೆ ಬಿಡುವಿದ್ದರೆ ಯೋಚಿಸಿ ಬರೆ.

ಶಂಭು

*

ಚಿಕ್ಕಮಗಳೂರು
೧೦ ಫೆಬ್ರವರಿ ೨೦೨೫

ಶ್ರೀ ಶಂಭು ಅವರಿಗೆ ನಮಸ್ಕಾರಗಳು.

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಹೇಗೆ ಕರೆಯಬೇಕೆಂದು ಯೋಚಿಸುತ್ತ ಕೂತರೆ ಕಾಗದವೇ ಮುಂದೆ ಹೋಗುತ್ತಿರಲಿಲ್ಲ.

ನಿಮ್ಮ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬದಿಗಿಟ್ಟು, ಮನೆಯೊಡತಿಯಿಂದ ಅವರ ಮೊಮ್ಮಗಳ ಆಟಿಕೆ ಲಾರಿಯನ್ನು ಕಡ ತಂದೆ. ರೊಟ್ಟಿ ಮಣೆಯ ಒಂದು ಬದಿಗೆ ಪುಸ್ತಕಗಳನ್ನು ಒತ್ತುಕೊಟ್ಟು ಏರು ಮಾಡಿದೆ. ಲಾರಿಯ ನಡುವೆ ಸೋಪು ಇಟ್ಟಾಗ, ಮಣೆಯನ್ನು ಎಷ್ಟು ಎತ್ತಿದರೂ ಅದು ಜಾರಿತೇ ಹೊರತು ಮಗುಚಲಿಲ್ಲ. ಅದೇ ಸೋಪನ್ನು ದಾರದಲ್ಲಿ ಲಾರಿಯ ಬಾಲಕ್ಕೆ ತೂಗುಹಾಕಿದೆ. ಸಣ್ಣ ಏರಿಗೇ ಮುಂದಿನ ಚಕ್ರಗಳು ಮೇಲೆದ್ದವು. ಏರು ಇನ್ನೂ ಕಡಿಮೆ ಮಾಡಿ, ನಿಂತ ಲಾರಿಯನ್ನು ಥಟ್ಟನೆ ಮುಂದಕ್ಕೆ ಎಳೆದೆ. ಆಗಲೂ ಅಂಗಾತ! ಅಡುಗೆಮನೆಯಲ್ಲಿ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಸೋಪಿನ ಜಾಗದಲ್ಲಿ ನೀವು ಕೂತಿರುವುದು ನೆನಪಾದ ಮೇಲೆ ನಗು ಬರಲಿಲ್ಲ.

ಅಂದರೆ ಏರು ಒಂದೇ ಆದರೂ ಭಾರ ಒಂದೇ ಕಡೆ ಇರಲಿಲ್ಲ. ಆವತ್ತು ಕುರ್ಚಿಯ ಬೆನ್ನಿಗೆ ಏನಾದರೂ ನೇತುಹಾಕಿದ್ದಿರಾ? ಒರಗನ್ನು ಹಿಂದಕ್ಕೆ ವಾಲಿಸಿದ್ದಿರಾ? ಏರಿನ ನಡುವೆ ನಿಲ್ಲಿಸಿ, ಮತ್ತೆ ಕಡ್ಡಿಯನ್ನು ಪೂರ್ತಿ ಒತ್ತಿದಿರಾ? ಸೊಂಟದ ಬೆಲ್ಟ್ ಕಟ್ಟಿತ್ತೇ?

ಇನ್ನೂ ಒಂದು ಇದೆ. ಕಾವೇರತ್ತಿಗೆಯಿಂದ ನಿಮ್ಮ ಕುರ್ಚಿಯ ಹೆಸರು ಕೇಳಿಕೊಂಡು ಅದರ ಚಿತ್ರ ಹುಡುಕಿದೆ. ಹಿಂಬದಿಯಲ್ಲಿ, ನೆಲಕ್ಕಿಂತ ತುಸು ಮೇಲೆ, ಎರಡು ಪುಟ್ಟ ಚಕ್ರಗಳಿವೆ. ಕುರ್ಚಿ ಹಿಂದಕ್ಕೆ ವಾಲಿದರೆ ನೆಲಕ್ಕೆ ತಾಗಿ ತಡೆಯಬೇಕಾದವು ಅವು. ಅವಿದ್ದೂ ಕುರ್ಚಿ ಪೂರ್ತಿ ಅಂಗಾತ ಬಿತ್ತು ಎಂದರೆ ನಂಬುವುದು ಕಷ್ಟ. ಅವು ಎಲ್ಲಿವೆ?

ನಿಮ್ಮ ಅಕ್ಷರ ಎಂದೂ ಗೆರೆ ಬಿಟ್ಟು ಕೆಳಗಿಳಿದದ್ದಲ್ಲ. ಈ ಸಲ ಎರಡನೇ ಪುಟ ಪೂರ್ತಿ ಇಳಿದಿದೆ. ಒಂದೆರಡು ಗೀರು ಎಂದರೆ ಎಷ್ಟು ಉದ್ದದ್ದು?

ಅಂಬುಜಾ

*

ಕೊಟ್ಟಿಗೆಹಾರ
೧೯ ಫೆಬ್ರವರಿ ೨೦೨೫

ಅಂಬುಜಾ,

ಉತ್ತರಪತ್ರಿಕೆ ತಿದ್ದುವವರ ಕಣ್ಣಿಗೆ ಮಣ್ಣೆರಚುವುದು ನನ್ನಿಂದಾಗದ ಕೆಲಸ. ಹೇಳಿಬಿಡುತ್ತೇನೆ. ಹಿಂದಲೆಗೆ ಹೊಲಿಗೆ ಹಾಕಿದ್ದಾರೆ. ಮೂಡಿಗೆರೆ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡಿದ್ದರು. ಬಗ್ಗಿ ಬರೆಯಲು ಕೂತರೆ ಈಗಲೂ ಸ್ವಲ್ಪ ತಲೆ ಸುತ್ತುತ್ತದೆ. ಡಾಕ್ಟರು ಮತ್ತೆ ನೋಡಿ, ದಿನದಿನಕ್ಕೆ ಕಡಿಮೆಯಾಗುತ್ತದೆ ಎಂದಿದ್ದಾರೆ.

ನೀನು ಕೇಳಿದ್ದೆಲ್ಲ ನಿಜ. ಇದು ಎಸ್ಟೇಟುಗಳಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವ ಕಾಲ. ಪಂಪಿನ ಸುಟ್ಟ ಮೋಟಾರುಗಳು ಸಾಲುಗಟ್ಟಿ ಬರುತ್ತಿವೆ. ಆವತ್ತು ತಾಮ್ರದ ತಂತಿಯ ಸುರುಳಿಗಳನ್ನು ಚೀಲಕ್ಕೆ ತುಂಬಿ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದೆ. ಬೆನ್ನು ನೋಯುತ್ತಿತ್ತೆಂದು ಒರಗು ವಾಲಿಸಿದ್ದೆ. ಮೇಲೆ ಜೀಪೊಂದು ಅಡ್ಡ ಬಂತೆಂದು ನಡುವೆ ನಿಂತು, ಅದು ಹೋದದ್ದೇ ಕಡ್ಡಿಯನ್ನು ಪೂರ್ತಿ ಒತ್ತಿದೆ. ಬೆಲ್ಟ್ ಕಟ್ಟಿರಲಿಲ್ಲ.

ಆ ಪುಟ್ಟ ಚಕ್ರಗಳು ನನ್ನ ಟೂಲ್‌ಬಾಕ್ಸಿನಲ್ಲಿದ್ದವು. ಏರು ರಸ್ತೆಗೆ ಸೇರುವಲ್ಲಿ ಒಂದು ಉಬ್ಬಿತ್ತು. ಅಲ್ಲಿ ಅವು ತಾಗಿ ಕುರ್ಚಿ ಸಿಕ್ಕಿಕೊಳ್ಳುತ್ತಿತ್ತು. ಕುರ್ಚಿ ಬಂದ ಮೂರನೇ ದಿನವೇ ಸ್ಪ್ಯಾನರ್ ತಗೊಂಡು ಬಿಚ್ಚಿಟ್ಟೆ. ಮೋಟಾರು ರಿಪೇರಿಯವನಿಗೆ ಕುರ್ಚಿಯವರು ಏನು ಹೇಳಿಕೊಡುವುದು ಎಂದುಕೊಂಡಿದ್ದೆ.

ನಿನ್ನ ಕಾಗದ ಓದಿದ ಮೇಲೆ ಕಣ್ಣಾರೆ ನೋಡಬೇಕೆನಿಸಿತು. ಕುರ್ಚಿಯಲ್ಲಿ ಒಂದು ಮರಳಿನ ಮೂಟೆ ಕೂರಿಸಿ ಕಟ್ಟಿದೆವು. ನಾನು ಹಳೇ ತಳ್ಳುಕುರ್ಚಿಯಲ್ಲಿ ದೂರ ಕೂತೆ. ಮಂಜಯ್ಯ ಏರಿನ ಬದಿಯಲ್ಲಿ ನಿಂತು, ಕೈ ಚಾಚಿ ಕಡ್ಡಿ ಹಿಡಿದ. ಮೊದಲು ಚಕ್ರಗಳಿಲ್ಲದೆ, ಚೀಲ ನೇತುಹಾಕಿ, ಒರಗು ವಾಲಿಸಿ. “ಒತ್ಲಾ?” ಅಂದ. “ಒತ್ತು” ಅಂದೆ.

ನಿಧಾನಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ, ಅಂಬುಜಾ. ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಲಿಲ್ಲ. ಮುಂದಿನ ಚಕ್ರ ಎದ್ದದ್ದೂ ಮೂಟೆಯ ತುದಿ ಸಿಮೆಂಟಿಗೆ ಬಡಿದದ್ದೂ ಒಟ್ಟಿಗೇ. ಮೂಟೆ ಹರಿದು ಮರಳು ಕೆಳಕ್ಕೆ ಸುರಿಯಿತು. ಬಾಗಿಲಲ್ಲಿ ನಿಂತು ಬೈಯಲು ಸಿದ್ಧವಾಗಿದ್ದ ಕಾವೇರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕೈ ತಾನಾಗಿ ಹಿಂದಲೆಗೆ ಹೋಯಿತು. ಇಷ್ಟು ದಿನ ನನಗೆ ಅನಿಸದ ಹೆದರಿಕೆ ಆಗ ಬಂತು.

ಅವತ್ತಿಗೆ ಸಾಕು ಎಂದು ಒಳಗೆ ಹೋದೆ. ಮಾರನೇ ದಿನ ಕಾವೇರಕ್ಕನೇ ಕೇಳಿದಳು: “ಅಲ್ವೋ ಶಂಭು, ಆ ಸಣ್ಣ ಚಕ್ರ ಹಾಕಿದ್ರೆ ಏನಾಗುತ್ತೋ ನೋಡಣ?”

ಕುರ್ಚಿಗೆ ಏನೂ ಆಗಿರಲಿಲ್ಲ. ಚಕ್ರಗಳನ್ನು ಹಾಕಿ, ಚೀಲ ತೆಗೆದು, ಒರಗನ್ನು ನೆಟ್ಟಗೆ ಮಾಡಿ, ಹೊಸ ಮೂಟೆ ಕಟ್ಟಿ ಮೆಲ್ಲಗೆ ಹತ್ತಿಸಿದೆವು. ಅಲುಗಾಡಲಿಲ್ಲ. ಬೇಕೆಂದೇ ಒಮ್ಮೆ ಜೋರಾಗಿ ಒತ್ತಿಸಿದೆ. ಕುರ್ಚಿ ತುಸು ಹಿಂದಕ್ಕೆ ವಾಲಿತು, ಪುಟ್ಟ ಚಕ್ರಗಳು ಟಕ್ಕೆಂದು ನೆಲಕ್ಕೆ ತಾಗಿದವು, ಕುರ್ಚಿ ಮತ್ತೆ ನೆಟ್ಟಗಾಯಿತು. ಕಾವೇರಕ್ಕ “ಇನ್ನೊಂದ್ಸಲ” ಅಂದಳು. ಏರಿಗೆ ಓರೆಯಾಗಿ ಹತ್ತಿಸಿದರೆ ಏನಾಗುತ್ತದೆ ಎಂದೂ ಅವಳೇ ಕೇಳಿದಳು. ಅದನ್ನೂ ನೋಡಿದೆವು. ಮೂಟೆ ಪಕ್ಕಕ್ಕೆ ವಾಲಿ, ಒಂದು ಬದಿಯ ಚಕ್ರ ನೆಲ ಬಿಟ್ಟಿತು. ಮಂಜಯ್ಯ ಹಿಡಿದುಕೊಳ್ಳದಿದ್ದರೆ ಅದೂ ಬೀಳುತ್ತಿತ್ತು. ಹತ್ತುವುದಾದರೂ ಇಳಿಯುವುದಾದರೂ ನೇರವಾಗಿಯೇ ಎಂದು ಅವಳೇ ತೀರ್ಪು ಕೊಟ್ಟಳು. ಬೆಡ್‌ಶೀಟು ತೊಳೆದು ಒಣಹಾಕಿದ್ದಾಳೆ.

ಮಂಜಯ್ಯ ಆ ಉಬ್ಬನ್ನು ಒಡೆದು, ಏರನ್ನು ಇನ್ನೂ ಉದ್ದಕ್ಕೆಳೆದು ಸಪಾಟು ಮಾಡುತ್ತಿದ್ದಾನೆ. ಸಿಮೆಂಟು ಗಟ್ಟಿಯಾಗಲಿ. ಬೆಲ್ಟ್ ಕಟ್ಟಿ, ಮೊದಲ ಸಲ ಮಂಜಯ್ಯನನ್ನು ಜೊತೆಗಿಟ್ಟುಕೊಂಡು ಹತ್ತುತ್ತೇನೆ. ತಂತಿಯ ಚೀಲ ಅವನ ಹೆಗಲಿಗೆ. ಒಂದು ಮಾತ್ರ ಇನ್ನೂ ತಿಳಿಯದು. ಇಳಿಯುವಾಗ ಭಾರ ಮುಂದಕ್ಕೆ ಬರುತ್ತದಲ್ಲ, ಆಗ ಏನು ಮಾಡಬೇಕು?

ನಿನ್ನ
ಶಂಭು

*

ಚಿಕ್ಕಮಗಳೂರು
೨೪ ಫೆಬ್ರವರಿ ೨೦೨೫

ಇವರೇ,

ಮೂಟೆ ಹರಿದ ಭಾಗವನ್ನು ನಾಲ್ಕು ಸಲ ಓದಿದೆ. ತಲೆ ಸುತ್ತು ಪೂರ್ತಿ ನಿಲ್ಲುವ ತನಕ ಏರಿನ ಹತ್ತಿರ ಹೋಗಬೇಡಿ. ಇದು ಟೀಚರ್ ಹೇಳುತ್ತಿರುವುದಲ್ಲ.

ಇಳಿಯುವಾಗ ಎಲ್ಲಕ್ಕಿಂತ ಕಡಿಮೆ ವೇಗ, ಬೆಲ್ಟ್ ಬಿಗಿ, ಬೆನ್ನು ಒರಗಿಗೆ ತಾಗಿರಬೇಕು. ಏರಿನ ನಡುವೆ ಥಟ್ಟನೆ ನಿಲ್ಲಿಸುವುದೂ ತಿರುಗಿಸುವುದೂ ಬೇಡ. ಕುರ್ಚಿಯಿಂದ ಮಂಚಕ್ಕೆ ಹೋಗುವ ಮುಂಚೆ ಸ್ವಿಚ್ ಆರಿಸುತ್ತೀರಿ ತಾನೇ? ತೋಳು ತಾಗಿ ಕಡ್ಡಿ ಅಲುಗಿದರೆ ಕುರ್ಚಿ ನಿಮ್ಮನ್ನು ಬಿಟ್ಟು ಹೊರಟೀತು.

ಆದರೆ ಇಳಿಯುವುದನ್ನು ನಾನು ಆಟಿಕೆ ಲಾರಿಯಲ್ಲಿ ಸರಿಯಾಗಿ ಮಾಡಿ ನೋಡಲಾಗಲಿಲ್ಲ. ಅದಕ್ಕೆ ಬ್ರೇಕಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಸ್ಸು ಹತ್ತುತ್ತೇನೆ. ಹೊಸ ಮೂಟೆಯನ್ನು ಬಿಚ್ಚಬೇಡಿ ಎಂದು ಕಾವೇರತ್ತಿಗೆಗೆ ಹೇಳಿ.

ನಿಮ್ಮ
ಅಂಬುಜಾ

ತಾ.ಕ.: ನಿಮ್ಮ ಮೊದಲ ಕಾಗದ ಬಂದ ವಾರವೇ ಇಲ್ಲಿನ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಹೋಗಿ, ಬೇಡಿಕೊಂಡು ಗಾಲಿಕುರ್ಚಿಯಲ್ಲಿ ಕೂತು ನೋಡಿದ್ದೆ. ಮಣೆ, ಸೋಪು ಎಲ್ಲ ಆಮೇಲಿನದು. ಅಲ್ಲಿನ ಏರಿನ ಮುಂದೆ ಕುರ್ಚಿ ನಿಲ್ಲಿಸಿಕೊಂಡು ಯೋಚಿಸುತ್ತಿದ್ದೆ. ಅಲ್ಲಿನವರೊಬ್ಬರು ಪಾಪ, ಸಹಾಯ ಮಾಡಲೆಂದೇ ಹಿಂದಿನಿಂದ ಬಂದು, ಹೇಳದೆ ಕೇಳದೆ ತಳ್ಳಿಬಿಟ್ಟರು. ನನಗೆ ಬಂದ ಸಿಟ್ಟು ನೋಡಿ ನನಗೇ ಆಶ್ಚರ್ಯವಾಯಿತು. ನಿಮ್ಮ ತಳ್ಳುಕುರ್ಚಿಯನ್ನು ಹೀಗೇ ಕೇಳದೆ ತಳ್ಳುತ್ತಿದ್ದ ನನಗೆ ನೀವು ಅಂದು ಮನೆಯಿಂದ ಹೋಗು ಎಂದದ್ದು ಯಾಕಿರಬಹುದೆಂದು ಆವತ್ತಿನಿಂದ ಯೋಚಿಸುತ್ತಿದ್ದೇನೆ. ಶನಿವಾರ ನಾನು ಕುರ್ಚಿಯ ಹಿಂದೆ ನಡೆಯಲೋ, ಪಕ್ಕದಲ್ಲೋ? ನೀವು ಹೇಳಿದ ಕಡೆ ನಡೆಯುತ್ತೇನೆ.