ಆನೆಯ ಸೊಟ್ಟ ಕಿವಿ

ರೀ,

ಬಂದ ಕೂಡಲೇ ಇದನ್ನು ಓದಿ, ಚಹಾ ಆಮೇಲೆ. ಮಗಳು ನಾಲ್ಕಕ್ಕೆಲ್ಲ ಶಾಲೆಯಿಂದ ಬಂದುಬಿಡುತ್ತಾಳೆ.

ನಾಳೆ ನನ್ನ ಹುಟ್ಟುಹಬ್ಬಕ್ಕೆಂದು ಅವಳು ಗುಟ್ಟಾಗಿ ಹೊಲಿದ ಕಾಲುಚೀಲದ ಆನೆ ಮಂಚದ ಕೆಳಗೆ ಶೂ ಡಬ್ಬಿಯಲ್ಲಿದೆ. ಗೊತ್ತಿಲ್ಲ ಅನ್ನಬೇಡಿ, ಕಾಲುಚೀಲ ನಿಮ್ಮದೇ. ಕಸ ಗುಡಿಸುವಾಗ ಕಣ್ಣಿಗೆ ಬಿತ್ತು. ಕಂಡರೂ ಕಾಣದವಳ ಹಾಗೆ ಇರಬೇಕಿತ್ತು. ಆದರೆ ಒಂದು ಕಿವಿ ಸೊಟ್ಟಗಿತ್ತು. ಹದಿನೆಂಟು ವರ್ಷ ಟೈಲರ್ ಅಂಗಡಿಯಲ್ಲಿ ಪಳಗಿದ ಕೈ, ಕೇಳಲಿಲ್ಲ. ಬಿಚ್ಚಿ ನೆಟ್ಟಗೆ ಹೊಲಿದುಬಿಟ್ಟೆ. ಈಗ ಅದು ಅವಳ ಆನೆಯ ಹಾಗೆ ಕಾಣುತ್ತಲೇ ಇಲ್ಲ.

ಅವಳು ಮಾಡಿದ ರಟ್ಟಿನ ಮನೆಯ ಬಾಗಿಲನ್ನು ನಾನು ಕಿತ್ತು ಮತ್ತೆ ಅಂಟಿಸಿದ ದಿನ “ಅಮ್ಮ ಎಲ್ಲದಕ್ಕೂ ಕೈ ಹಾಕ್ತಾಳೆ, ನಂದು ಅಂತ ಏನೂ ಉಳಿಯಲ್ಲ” ಅಂತ ಅತ್ತಿದ್ದಳಲ್ಲ, ಬೆಳಗಿನಿಂದ ಆ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ನಮ್ಮಜ್ಜಿ ಪದ್ಯ ಹೇಳುವಾಗ ಸಾಲು ತಪ್ಪಿದರೂ ಒಂದು ದಿನವೂ ತಿದ್ದದೆ ಕೈಮುಗಿದು ಕೇಳಿದವಳು ನಾನು. ಕಿವಿಗಿದ್ದ ಭಕ್ತಿ ಕೈಗೆ ಬರಲಿಲ್ಲ ನೋಡಿ.

ಆ ಕಿವಿ ಬಿಚ್ಚಿ, ನೀಲಿ ದಾರದಲ್ಲಿ ಮೊದಲಿನ ಹಾಗೆ ಸೊಟ್ಟಗೆ ಹೊಲಿಯಿರಿ. ಸೊಟ್ಟಗೆ ಹೊಲಿಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಬೇಡ, ತಡೆಯಿರಿ. ಬಿಚ್ಚಿ ಅಷ್ಟೇ, ಹೊಲಿಯಬೇಡಿ. ನಿಮ್ಮ ಸೊಟ್ಟ ಅವಳ ಸೊಟ್ಟವಾಗುವುದಿಲ್ಲ. ಸೂಜಿ ದಾರ ಪಕ್ಕದಲ್ಲಿಟ್ಟು, “ಅಮ್ಮ ಮುಟ್ಟಿದ್ಳು, ತಪ್ಪಾಯ್ತು ಅಂದ್ಳು” ಅಂತ ಹೇಳಿ. ಹೊಲಿಯಬೇಕಾದವಳು ಅವಳೇ.

ಕೆಲಸ ಮುಗಿಸಿ ಬಂದು ನಾನು ಎದುರಿನ ಬಸ್ ನಿಲ್ದಾಣದಲ್ಲಿ ಕೂತಿರುತ್ತೇನೆ. ಅವಳು ಆನೆಯನ್ನು ಮತ್ತೆ ಬಚ್ಚಿಟ್ಟ ಮೇಲೆ ಕಿಟಕಿಗೆ ಟವೆಲ್ ಹಾಕಿ. ಅಲ್ಲಿಯವರೆಗೆ ಮನೆಯೊಳಗೆ ಕಾಲಿಡುವುದಿಲ್ಲ, ನನ್ನ ಕೈಯನ್ನು ನಾನೇ ನಂಬುವ ಹಾಗಿಲ್ಲ.